ಹತ್ತು ನಿಮಿಷದ ಸಾಮಾನು

ಪೆರ್ಲ, ಕಾಸರಗೋಡು

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಬಿಡದ್ದರಿಂದ ಅಡಿಕೆಗೆ ಎರಡನೇ ಸಲದ ಮದ್ದು ಬಿಡುವುದು ಬಾಕಿ ಇದೆ. ಮೊನ್ನೆ ಫೋನಿನಲ್ಲಿ ನಗುತ್ತಾ ಕೇಳಿದೆಯಲ್ಲ, ಹತ್ತು ನಿಮಿಷದಲ್ಲಿ ಸಾಮಾನು ಮನೆಗೆ ಮುಟ್ಟಿಸುವ ಆ ಆ್ಯಪ್ ಪೆರ್ಲಕ್ಕೂ ಬಂದರೆ ನಮ್ಮ ಅಂಗಡಿ ಗತಿ ಏನಪ್ಪಾ ಅಂತ. ಆಗ ಗಿರಾಕಿಗಳಿದ್ದರು, ಸರಿಯಾಗಿ ಮಾತಾಡಲಿಕ್ಕೆ ಆಗಲಿಲ್ಲ.

ಜೀನಸು ಅಂಗಡಿಯವನು ಆ್ಯಪನ್ನು ಬೈಯಲೇಬೇಕು ಅಂತ ನೀನು ಕಾದಿದ್ದರೆ, ಅದಕ್ಕೆ ಸ್ವಲ್ಪ ತಡೆ. ನಿನಗೆ ಜ್ವರ ಬಂದು ಮಲಗಿದ್ದಾಗ ಒಆರ್‌ಎಸ್, ಬ್ರೆಡ್ಡು, ಎಳನೀರು ಎಲ್ಲ ಬಾಗಿಲಿಗೆ ಬಂತು. ಇಲ್ಲಿಂದ ನಾನೂ ಅಮ್ಮನೂ ಏನು ಮಾಡಬಹುದಿತ್ತು? ರಾತ್ರಿ ಹತ್ತು ಗಂಟೆಗೆ ಆಫೀಸಿನಿಂದ ಬಂದವಳು ಮೊಸರಿಗಾಗಿ ಕತ್ತಲೆಯಲ್ಲಿ ರಸ್ತೆ ಸುತ್ತಬೇಕಾಗಿಲ್ಲ. ಇದು ಸಣ್ಣ ಉಪಕಾರ ಅಲ್ಲ.

ಬೆಂಗಳೂರಿಗೆ ಬಂದಿದ್ದಾಗ ನನಗಿದ್ದದ್ದು ಇವರು ಇದನ್ನು ಮಾಡುವುದು ಹೇಗೆ ಎಂಬ ಕುತೂಹಲ. ಆಮೇಲೆ ತಿಳಿಯಿತು, ಗುಟ್ಟು ಬೈಕಿನಲ್ಲಿ ಇಲ್ಲ, ಗೋದಾಮಿನಲ್ಲಿ ಇದೆ. ಎರಡು ಮೂರು ಕಿಲೋಮೀಟರ್ ಒಳಗೇ ಒಂದು ಡಾರ್ಕ್ ಸ್ಟೋರ್. ಅಲ್ಲಿಗೆ ಗಿರಾಕಿ ಹೋಗುವ ಹಾಗಿಲ್ಲ. ನಿಮ್ಮ ಬೀದಿಯಲ್ಲಿ ಯಾವ ಹೊತ್ತಿಗೆ ಏನು ಖರ್ಚಾಗುತ್ತದೆ ಅಂತ ಕಂಪೆನಿಗೆ ಗೊತ್ತು, ಅದನ್ನೇ ಕೈಗೆ ಸಿಗುವ ಹಾಗೆ ಇಟ್ಟಿರುತ್ತಾರೆ. ಯಾರ ಮನೆಗೆ ಯಾವ ಸಾಬೂನು ಅಂತ ನನಗೂ ಗೊತ್ತು, ಆದರೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ!

ಈಗ ಆ ಹತ್ತು ನಿಮಿಷವನ್ನು ಬಿಡಿಸಿ ನೋಡು. ಸಾಮಾನು ತುಂಬಿಸಲಿಕ್ಕೆ ಎರಡೋ ಮೂರೋ ನಿಮಿಷ. ಉಳಿದದ್ದರಲ್ಲಿ ರಸ್ತೆ, ಸಿಗ್ನಲ್ಲು, ಗೇಟಿನ ಸೆಕ್ಯುರಿಟಿಯವರ ಪುಸ್ತಕ, ನಿಮ್ಮ ಲಿಫ್ಟು. ಸಾಮಾನು ತರುವ ಹುಡುಗರನ್ನು ನಾವು ಅವಸರ ಮಾಡುವುದಿಲ್ಲ ಅಂತ ಕಂಪೆನಿಗಳು ಹೇಳುತ್ತವೆ. ಹೇಳುವ ಅಗತ್ಯವೇ ಇಲ್ಲ. ತಿಂಗಳ ಸಂಬಳ ಇಲ್ಲದೆ ಆರ್ಡರಿಗೆ ಇಷ್ಟು ಅಂತ ಕೊಟ್ಟು, ಇಷ್ಟು ಆರ್ಡರ್ ಮುಗಿಸಿದರೆ ಇನ್ನಷ್ಟು ಅಂದರೆ ಸಾಕು, ಅವನೇ ಓಡುತ್ತಾನೆ. ಬೈಕು ಅವನದ್ದು, ಪೆಟ್ರೋಲು ಅವನದ್ದು, ಬಿದ್ದರೆ ಕಾಲೂ ಅವನದ್ದು. ಅವನಿಗೆ ಪಾರ್ಟ್‌ನರ್ ಅಂತ ಹೆಸರು ಬೇರೆ. 2026ರ ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವರು ಹೇಳಿದ ಮೇಲೆ ಬ್ಲಿಂಕಿಟ್ ಎಂಬ ಕಂಪೆನಿ ತನ್ನ ಜಾಹೀರಾತಿನಿಂದ ಹತ್ತು ನಿಮಿಷದ ಮಾತನ್ನು ತೆಗೆಯಿತು. ಬೋರ್ಡಿನಿಂದ ಹೋಯಿತು, ಸರಿ. ಆದರೆ ಗೋದಾಮು ಅಲ್ಲಿಯೇ ಇದೆ, ಲೆಕ್ಕವೂ ಅದೇ. ಕರ್ನಾಟಕ ಸರಕಾರ 2025ರಲ್ಲಿ ಇಂಥ ಹುಡುಗರಿಗಾಗಿ ಒಂದು ಕಾನೂನು ಮಾಡಿದೆ. ಕೆಲಸಗಾರನಿಗೆ ಕೊಡುವ ಹಣದ ಶೇಕಡಾ 1ರಿಂದ 5ರಷ್ಟನ್ನು ಕಂಪೆನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಇದು ಒಳ್ಳೆಯ ಕೆಲಸ, ನನಗೆ ಸಮಾಧಾನ ಕೊಟ್ಟದ್ದು ಇದೊಂದೇ.

ಇನ್ನು ನಿನ್ನ ಕಿಸೆಯ ವಿಷಯ. ಇದರಲ್ಲಿ ನನ್ನ ಮಾತನ್ನು ನಂಬು, ಯಾಕೆಂದರೆ ಗಲ್ಲಾದ ಈ ಕಡೆ ಕೂತು ಜೀವನ ಕಳೆದವನು ನಾನು. ಚೀಟಿ ಹಿಡಿದು ಬಂದ ಗಿರಾಕಿಯಿಂದ ಅಂಗಡಿಯವನಿಗೆ ದೊಡ್ಡ ಲಾಭ ಇಲ್ಲ. ಬರೆದದ್ದು ಕೊಂಡು ಹೋಗುತ್ತಾರೆ. ಚೀಟಿ ಇಲ್ಲದೆ ಬಂದವರು ಉಪ್ಪಿಗೆ ಬಂದು ಮಿಕ್ಸ್‌ಚರ್, ಬಿಸ್ಕತ್ತು, ಹೊಸ ಶಾಂಪೂ ಪ್ಯಾಕೆಟು ಹಿಡಿದು ಹೋಗುತ್ತಾರೆ. ಅದಕ್ಕೇ ಅಲ್ವಾ ನಾವು ಮಿಠಾಯಿ ಭರಣಿಯನ್ನು ಎದುರಿಗೇ ಇಡುವುದು. ನಿನ್ನ ಫೋನು ಚೀಟಿಯನ್ನೇ ಇಲ್ಲದ ಹಾಗೆ ಮಾಡಿದೆ. ಬೇಕಾದಾಗ ತರಿಸಿದರಾಯಿತು ಅಂತ ಯೋಚಿಸುವವಳು ಡಬ್ಬ ತೆರೆದು ನೋಡುವುದಿಲ್ಲ. ನಿನ್ನ ಅಡುಗೆಮನೆಯಲ್ಲಿ ಒಡೆದ ಸಾಸಿವೆ ಪ್ಯಾಕೆಟುಗಳು ಎಷ್ಟಿದ್ದವು ಅಂತ ಅಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳುತ್ತಿದ್ದಳು.

ಮತ್ತೆ ಬಿಲ್ಲಿನ ಬುಡ. ಹ್ಯಾಂಡ್ಲಿಂಗ್ ಚಾರ್ಜ್, ಸಣ್ಣ ಆರ್ಡರಿಗೆ ಒಂದು ಚಾರ್ಜ್, ಮಳೆ ಬಂದರೆ ಇನ್ನೊಂದು. ಡೆಲಿವರಿ ಶುಲ್ಕಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18 ಜಿಎಸ್‌ಟಿ ಕೂಡ ಇದೆ. ಸಣ್ಣ ಆರ್ಡರಿನ ಚಾರ್ಜು ತಪ್ಪಿಸಲಿಕ್ಕೆ ಅಂತ ಬೇಡದ ಚಾಕೊಲೇಟ್ ಸೇರಿಸಿ ಮೊತ್ತ ತುಂಬಿಸುತ್ತೀಯಲ್ಲ, ಅಲ್ಲಿ ಗೆದ್ದವಳು ನೀನಲ್ಲ. ಮೊದಲು ಒಂದು ಬೆಲೆ ತೋರಿಸಿ ಕೊನೆಗೆ ಚಾರ್ಜು ಸೇರಿಸುವುದು, ಕೇಳದ ಸಾಮಾನನ್ನು ಬುಟ್ಟಿಗೆ ಹಾಕುವುದು, ಇಂಥ 13 ಕಣ್ಕಟ್ಟುಗಳನ್ನು ಕೇಂದ್ರ ಸರಕಾರ 2023ರ ನವೆಂಬರಿನಲ್ಲೇ ಪಟ್ಟಿ ಮಾಡಿ ನಿಷೇಧಿಸಿದೆ. ಆದ್ದರಿಂದ ಹಣ ಕಟ್ಟುವ ಮೊದಲು ಬಿಲ್ಲನ್ನು ಕೆಳಗಿನವರೆಗೆ ಓದು. ಪ್ಯಾಕೆಟಿನ ತಾರೀಕನ್ನೂ ನೋಡು.

ನಮ್ಮ ಅಂಗಡಿ ವಿಷಯಕ್ಕೆ ಬರುತ್ತೇನೆ. ಪೆರ್ಲಕ್ಕೆ ಆ ಆ್ಯಪ್ ಸದ್ಯ ಬರಲಿಕ್ಕಿಲ್ಲ. ಇಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟ, ಒಂದು ತೋಡು, ಒಂದು ಗುಡ್ಡ. ಅಷ್ಟು ದೂರ ಹೋಗಿ ಒಂದು ಕಟ್ಟು ಕೊತ್ತಂಬರಿ ಕೊಟ್ಟು ಯಾವ ಕಂಪೆನಿ ಉದ್ಧಾರವಾದೀತು? ಮಾವೇಲಿ ಸ್ಟೋರು ಎಂಬ ತನ್ನ ಅಂಗಡಿಗಳಲ್ಲಿ ಕೇರಳ ಸರಕಾರವೇ 13 ಬಗೆಯ ಸಾಮಾನನ್ನು ಸಬ್ಸಿಡಿಯಲ್ಲಿ ಕೊಡುತ್ತದೆ, ಆದರೂ ನಾವು ಉಳಿದಿದ್ದೇವೆ. ಯಾಕೆ ಅಂದರೆ ಕಡದ ಪುಸ್ತಕ. ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಅಂದರೆ ನಾನು ಹೂಂ ಅನ್ನುತ್ತೇನೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ಮುಂದಿನ ಬೆಳೆಯವರೆಗೂ ಹೂಂ ಅನ್ನುತ್ತೇನೆ. ಆ್ಯಪಿಗೆ ಕೊಳೆರೋಗ ಗೊತ್ತಿಲ್ಲ.

ಚಿಂತೆ ಇರುವುದು ನಿನ್ನ ಮನೆಯ ಕೆಳಗಿನ ಆ ಮೂಲೆ ಅಂಗಡಿಯದ್ದು. ದೊಡ್ಡ ಕಂಪೆನಿಗಳು ನಷ್ಟಕ್ಕೆ ಮಾರಿ ಸಣ್ಣವರನ್ನು ಮುಳುಗಿಸುತ್ತಿವೆ ಅಂತ ವಿತರಕರ ಅಖಿಲ ಭಾರತ ಒಕ್ಕೂಟ 2024ರಲ್ಲಿ ದೂರು ಕೊಟ್ಟಿತ್ತು. ಅಂಗಡಿಗಳೆಲ್ಲ ಮುಚ್ಚಿದ ಮೇಲೂ ಈ ಆಫರುಗಳು ಇರುತ್ತವೆ ಅಂತ ನನಗಂತೂ ಅನಿಸುವುದಿಲ್ಲ. ತಿಂಗಳ ಅಕ್ಕಿ, ಬೇಳೆ, ಎಣ್ಣೆಯನ್ನು ಚೀಟಿ ಬರೆದು ಅವರಲ್ಲಿ ತೆಗೆದುಕೋ. ಜ್ವರಕ್ಕೆ, ರಾತ್ರಿಗೆ, ಜೋರು ಅವಸರಕ್ಕೆ ಆ್ಯಪ್ ಇರಲಿ. ಆ ಹುಡುಗ ಬಂದರೆ ಕುಡಿಯಲಿಕ್ಕೆ ನೀರು ಬೇಕಾ ಕೇಳು.

ಓಣಂ, ಚೌತಿ ಎರಡೂ ಹತ್ತಿರ ಬಂತು. ಬೆಲ್ಲದ ಲಾರಿ ಬರುವ ಹೊತ್ತಾಯಿತು, ಇಲ್ಲಿಗೆ ನಿಲ್ಲಿಸುತ್ತೇನೆ. ಚೌತಿಗೆ ರಜೆ ಸಿಗುತ್ತದಾ ತಿಳಿಸು.

ಇತಿ,
ನಿನ್ನ ಅಪ್ಪ