ಆಕಾಶ ಹುಟ್ಟಿದ್ದೇ? ತಕರಾರು ಹಳೆಯದು

ಮಾನ್ಯ ಸಂಪಾದಕರೇ,

‘ಮೊದಲು ಹುಟ್ಟಿದ್ದು ಆಕಾಶ ಎಂದು ನಮ್ಮ ಹಿರಿಯರೆಲ್ಲ ಒಪ್ಪಿದ್ದರು’ ಎಂದು ಭಾನುವಾರದ ಪುರವಣಿಯ ಲೇಖನವೊಂದು ಹೇಳಿದೆ. ಎಲ್ಲಿ ಒಪ್ಪಿದ್ದರು ಸ್ವಾಮಿ? ಜಗಳವಾಡಿದ್ದೇ ಜಾಸ್ತಿ.

ಆತ್ಮದಿಂದ ಆಕಾಶ (ನೀಲಿ ಬಾನಲ್ಲ, ಎಲ್ಲಕ್ಕೂ ಎಡೆ ಕೊಡುವ ಬಯಲು), ಅದರಿಂದ ಗಾಳಿ, ಆಮೇಲೆ ಬೆಂಕಿ ಎನ್ನುತ್ತದೆ ತೈತ್ತಿರೀಯ ಉಪನಿಷತ್ತು. ಛಾಂದೋಗ್ಯದ 6ನೇ ಅಧ್ಯಾಯದ ಸೃಷ್ಟಿಕಥೆಯಲ್ಲಿ ಆಕಾಶದ ಸುದ್ದಿಯೇ ಇಲ್ಲ, ಸೀದಾ ತೇಜಸ್ಸಿನಿಂದ, ಅಂದರೆ ಬೆಂಕಿಯಿಂದ ಶುರು. ಜಗತ್ತಿನ ವಸ್ತುಗಳನ್ನು ವಿಂಗಡಿಸಿ ನೋಡುವ ದರ್ಶನದವರಾದ ವೈಶೇಷಿಕರಿಗೆ ಆಕಾಶ ಹುಟ್ಟಿದ್ದೇ ಅಲ್ಲ, ಸದಾ ಇರುವಂಥದ್ದು. ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ ಚಾರ್ವಾಕರಂತೂ ಮಣ್ಣು, ನೀರು, ಬೆಂಕಿ, ಗಾಳಿ ಎಂಬ ನಾಲ್ಕೇ ಮೂಲವಸ್ತು (ಭೂತ) ಸಾಕೆಂದು ಅದನ್ನು ಲೆಕ್ಕದಿಂದಲೇ ಬಿಟ್ಟರು.

ಉಪನಿಷತ್ತುಗಳ ಮಾತನ್ನು ಹೊಂದಿಸಿ ಹೇಳುವ ಬ್ರಹ್ಮಸೂತ್ರದ 2ನೇ ಅಧ್ಯಾಯದ 3ನೇ ಪಾದ ಶುರುವಾಗುವುದೇ ಈ ತಕರಾರಿನಿಂದ. ಅಲ್ಲಿ ಶಂಕರರ ಭಾಷ್ಯದಲ್ಲಿ, ಆಕಾಶ ಹುಟ್ಟಿದ್ದಲ್ಲ ಎನ್ನುವ ಎದುರಾಳಿ ಕೇಳುವ ಪ್ರಶ್ನೆ ನನಗೆ ಬಹಳ ಇಷ್ಟ. ಬೆಂಕಿ ಹುಟ್ಟುವ ಮೊದಲು ಬೆಳಕಿರಲಿಲ್ಲ, ಸರಿ. ಆಕಾಶ ಹುಟ್ಟುವ ಮೊದಲು ಹೇಗಿತ್ತು? ಎಡೆಯೇ ಇಲ್ಲದೆ, ಒಂದು ತೂತೂ ಇಲ್ಲದೆ ಇತ್ತು ಎಂದು ಹೇಗೆ ನಂಬುವುದು? ಮೊನ್ನೆ ತಾರಸಿಯಲ್ಲಿ ಹಪ್ಪಳ ಹರವುವಾಗ ನನ್ನ ಮೊಮ್ಮಗಳೂ ‘ಅಜ್ಜಿ, ಆಕಾಶ ಇಡೋಕೆ ಜಾಗ ಎಲ್ಲಿತ್ತು?’ ಅಂದಳು. ಅದೇ ಪ್ರಶ್ನೆ ಅಲ್ವಾ!

ಶಂಕರರ ಉತ್ತರವೂ ಸಾಮಾನ್ಯದ್ದಲ್ಲ. ಮಡಕೆ, ಕೊಡದ ಹಾಗೆ ಬೇರೆಯಾಗಿ ಕಾಣುವುದೆಲ್ಲ ಹುಟ್ಟಿದ್ದೇ. ಆಕಾಶವೂ ಭೂಮಿಯಿಂದ ಬೇರೆಯಾಗಿಯೇ ಕಾಣುತ್ತದೆ, ಹಾಗಾಗಿ ಅದೂ ಹುಟ್ಟಿದ್ದು ಎನ್ನುತ್ತಾರೆ. (ನನಗೇನೋ ಎದುರಾಳಿಯ ಮಾತೇ ಗಟ್ಟಿ ಅನಿಸುತ್ತದೆ. ಮನೆಯವರು ಒಪ್ಪುವುದಿಲ್ಲ.)

ಇಷ್ಟು ಸೊಗಸಾದ ವಾದವನ್ನು ಸುಮ್ನೆ ‘ಎಲ್ಲರೂ ಒಪ್ಪಿದ್ದರು’ ಎಂದು ಮುಗಿಸಬೇಡಿ. ಮುಂದಿನ ವಾರ ವೈಶೇಷಿಕರಿಗೂ ಅರ್ಧ ಕಾಲಂ ಕೊಡಿ.

– ನಿವೃತ್ತ ಶಾಲಾ ಶಿಕ್ಷಕಿ, ಸಾಗರ