ನಮ್ಮ ಬಟ್ಟೆಯ ಕೋಡ್ ತೀರ್ಮಾನವಾಗುವಾಗ ನಮ್ಮ ಮಾತನ್ನೂ ಕೇಳಿ

ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರ.

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಂಬಿ ಬದುಕುತ್ತಿರುವವರಲ್ಲಿ ನಾನೂ ಒಬ್ಬ. ರಾಜ್ಯಸಭೆಯಲ್ಲಿ ತಾವು ಪ್ರತಿನಿಧಿಸುವುದು ನಮ್ಮ ಕರ್ನಾಟಕವನ್ನು. ಕಸ್ಟಮ್ಸ್ ಇಲಾಖೆ ಇರುವುದೂ ತಮ್ಮ ಸಚಿವಾಲಯದ ಅಡಿಯಲ್ಲಿ. ಹಾಗಾಗಿ ಈ ಮಾತನ್ನು ತಮ್ಮ ಬಳಿ ಹೇಳದೆ ಇನ್ನಾರ ಬಳಿ ಹೇಳಲಿ?

ನಮ್ಮೂರ ನೇಕಾರರ ಜಿಎಸ್‌ಟಿ ಬಿಲ್ಲಿನಲ್ಲಿ ಬಟ್ಟೆಯ ಹೆಸರಿನ ಪಕ್ಕ ಒಂದು ಎಚ್‌ಎಸ್‌ಎನ್ ಸಂಖ್ಯೆ, ಅಂದರೆ ಸರಕಿನ ಬಗೆ ಗುರುತಿಸುವ ಕೋಡ್, ಇರುತ್ತದೆ. ಪಾಲಿಯೆಸ್ಟರ್ ಸೀರೆಯಾದರೆ 5407, ರೇಷ್ಮೆಯಾದರೆ 5007. ವರ್ಷದ ವಹಿವಾಟು 5 ಕೋಟಿ ರೂಪಾಯಿ ದಾಟಿದವರು ನಾಲ್ಕಂಕಿಯ ಬದಲು ಆರಂಕಿ ಬರೆಯಬೇಕು. ಲೆಕ್ಕ ಬರೆಯುವವರು ಹೇಳಿಕೊಟ್ಟದ್ದನ್ನು ಬರೆದು ನಾವು ಮುಂದಿನ ಕೆಲಸ ನೋಡುತ್ತೇವೆ. ಆದರೆ ಹೊರದೇಶದಿಂದ ಬಂದ ಬಟ್ಟೆಯ ಕಂಟೇನರ್ ಬಂದರಿನಲ್ಲಿ ಎಷ್ಟು ಸುಂಕ ಕಟ್ಟಬೇಕೆಂದು ಹೇಳುವುದೂ ಇದೇ ಸಂಖ್ಯೆಗಳ ಪಟ್ಟಿ. ಅಲ್ಲಿ ಪೂರ್ಣ ಸಂಖ್ಯೆ ಎಂಟಂಕಿಯದು. ಮೊದಲ ಆರಂಕಿ ಬ್ರಸೆಲ್ಸ್‌ನ ವಿಶ್ವ ಕಸ್ಟಮ್ಸ್ ಸಂಘಟನೆಯದು. ಅದು 1988ರಿಂದ ಜಾರಿಯಲ್ಲಿದೆ, ಜಗತ್ತಿಗೆಲ್ಲ ಒಂದೇ. ಕೊನೆಯ ಎರಡಂಕಿಯನ್ನು ಸೇರಿಸುವವರು ನಾವು, ಅಂದರೆ ಭಾರತ ಸರ್ಕಾರ.

ಈ ಪಟ್ಟಿಯನ್ನು ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇಷ್ಟು: ಇಲ್ಲಿ ಕೇಳಿರುವ ಪ್ರಶ್ನೆಗಳೆಲ್ಲ ನೇಕಾರನಿಗೆ ಕೈಯಲ್ಲೇ ಉತ್ತರ ಗೊತ್ತಿರುವ ಪ್ರಶ್ನೆಗಳು. 5407ರ ಒಳಗೆ ಶೇ 85ಕ್ಕಿಂತ ಕಡಿಮೆಯಿಲ್ಲದಷ್ಟು ಪಾಲಿಯೆಸ್ಟರ್ ಎಳೆ ಇರುವ ಬಟ್ಟೆಯನ್ನು ಮತ್ತೆ ಒಡೆದಿದ್ದಾರೆ: ಕ್ರಿಂಪ್ ನೂಲಿನದ್ದು ಒಂದು ಕಡೆ, ಸಪಾಟು ನೂಲಿನದ್ದು ಇನ್ನೊಂದು ಕಡೆ. ಬಟ್ಟೆಯ ಅಂಚಿನಿಂದ ಒಂದು ಎಳೆ ಬಿಡಿಸಿ, ಎರಡು ಬೆರಳ ನಡುವೆ ಜಗ್ಗಿ ಬಿಟ್ಟರೆ ಸಾಕು. ಕ್ರಿಂಪ್ ಆದರೆ ಮುದುಡಿ ಹಿಂದಕ್ಕೆ ಸರಿಯುತ್ತದೆ, ಸಪಾಟು ನೂಲು ಜಗ್ಗಿದಂತೆಯೇ ನಿಲ್ಲುತ್ತದೆ. ಹುರಿ ಬಿಚ್ಚಿದಾಗ ತುಂಡು ತುಂಡು ನಾರು ಕೈಗೆ ಬಂದರೆ ಆ ಬಟ್ಟೆ 54ನೇ ಅಧ್ಯಾಯದ್ದೇ ಅಲ್ಲ, 55ನೆಯದು (ಸಂಖ್ಯೆಯ ಮೊದಲ ಎರಡಂಕಿಯೇ ಅಧ್ಯಾಯ). ಅದಕ್ಕೆ ಮುಖ್ಯವಾಗಿ ಹತ್ತಿ ಬೆರೆತಿದ್ದು ಕೃತಕ ನಾರು ಶೇ 85ಕ್ಕಿಂತ ಕಡಿಮೆಯಿದ್ದರೆ, ಚದರ ಮೀಟರಿನ ತೂಕ 170 ಗ್ರಾಂವರೆಗೆ 5513, ಅದನ್ನು ಮೀರಿದರೆ 5514. ಎಳೆಯನ್ನು ಸುಟ್ಟು ನೋಡುವುದು ನಮ್ಮ ಮಕ್ಕಳಿಗೂ ಗೊತ್ತು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ.

ಎಲ್ಲವೂ ಬೆರಳಿಗೆ ಸಿಗುವುದಿಲ್ಲ, ನಿಜ. ಶೇ 84ಕ್ಕೂ 86ಕ್ಕೂ ಇರುವ ವ್ಯತ್ಯಾಸ ಪ್ರಯೋಗಾಲಯದಲ್ಲಿ ಮಾತ್ರ ತಿಳಿಯುತ್ತದೆ. ಮಿಶ್ರ ಬಟ್ಟೆಯ ಲೆಕ್ಕ ಇನ್ನೂ ಸೂಕ್ಷ್ಮ. ತೂಕದಲ್ಲಿ ಶೇ 45 ರೇಷ್ಮೆ, ಶೇ 30 ಪಾಲಿಯೆಸ್ಟರ್ ಎಳೆ, ಶೇ 25 ವಿಸ್ಕೋಸ್ ಎಳೆ ಇರುವ ಬಟ್ಟೆಯನ್ನು ತೆಗೆದುಕೊಳ್ಳಿ. ಬಿಡಿಯಾಗಿ ನೋಡಿದರೆ ರೇಷ್ಮೆಯದೇ ಮೇಲುಗೈ. ಆದರೆ ಮೊದಲು ಅಧ್ಯಾಯ ಗೊತ್ತುಮಾಡಬೇಕು ಎನ್ನುತ್ತದೆ ನಿಯಮ. ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಎರಡೂ 54ನೇ ಅಧ್ಯಾಯದವು, ಸೇರಿಸಿದರೆ ಶೇ 55. ಹಾಗಾಗಿ ಆ ಬಟ್ಟೆ ಕಸ್ಟಮ್ಸ್ ಕಣ್ಣಿಗೆ ರೇಷ್ಮೆಯಲ್ಲ, 5407. ಈ ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ, ಅದರಲ್ಲಿ ಒಂದು ತರ್ಕವಿದೆ. ಆದರೆ ರೇಷ್ಮೆ ನೇಯುವವನ ಪೈಪೋಟಿದಾರ ಯಾವ ಸಂಖ್ಯೆಯ ಅಡಿಯಲ್ಲಿ ದೇಶದೊಳಗೆ ಬರುತ್ತಿದ್ದಾನೆ ಎಂಬುದು ಆ ನೇಕಾರನಿಗೆ ತಿಳಿಯುವ ದಾರಿಯೇ ಇಲ್ಲ. ಅವನು 5007ರ ಆಮದಿನ ಅಂಕಿಅಂಶ ನೋಡಿಕೊಂಡು ಕುಳಿತಿರುತ್ತಾನೆ.

ಕೋಡ್ ಬದಲಾದರೆ ಹಣ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ತಮ್ಮದೇ ಬಜೆಟ್ ಸಾಕ್ಷಿ. 2025ರ ಫೆಬ್ರುವರಿಯಲ್ಲಿ ಹೆಣೆದ ಬಟ್ಟೆಯ ಒಂಬತ್ತು ಸಾಲುಗಳಿಗೆ (ಪಟ್ಟಿಯಲ್ಲಿ ಒಂದು ಕೋಡ್ ಎಂದರೆ ಒಂದು ಸಾಲು) ತಾವು ಶೇ 20 ಅಥವಾ ಕಿಲೋಗೆ 115 ರೂಪಾಯಿ, ಯಾವುದು ಹೆಚ್ಚೋ ಅಷ್ಟು ಸುಂಕ ಹಾಕಿದಿರಿ. ಕಿಲೋಗೆ 200 ರೂಪಾಯಿ ಎಂದು ತೋರಿಸಿ ಬಟ್ಟೆ ತಂದರೆ ಶೇ 20ರ ಲೆಕ್ಕದಲ್ಲಿ 40 ರೂಪಾಯಿ ಕಟ್ಟಿದರೆ ಆಗುತ್ತಿತ್ತು, ಈಗ 115 ಕಟ್ಟಬೇಕು. ಬೆಲೆ ಕಡಿಮೆ ತೋರಿಸಿ ತರುವವರಿಗೆ ಇದು ಸರಿಯಾದ ಪೆಟ್ಟು. ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಒಂದು ಸಾಲಿಗೆ ಬೇಲಿ ಹಾಕಿದ ಕೂಡಲೇ ಪಕ್ಕದ ಸಾಲಿನ ಮೇಲೆ ಕಣ್ಣು ಬೀಳುತ್ತದೆ. 2024ರ ಮಾರ್ಚ್‌ನಲ್ಲಿ ಹೆಣೆದ ಕೃತಕ ಬಟ್ಟೆಯ ಐದು ಕೋಡ್‌ಗಳಿಗೆ ಕಿಲೋಗೆ 3.5 ಡಾಲರ್ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. ಅದೇ ವರ್ಷ ಇನ್ನೂ ಎಂಟು ಕೋಡ್‌ಗಳನ್ನು ಸೇರಿಸಬೇಕಾಯಿತು. ನಮ್ಮ ನೇಯ್ದ ಬಟ್ಟೆಯಲ್ಲಂತೂ ಇಂತಹ ಪಕ್ಕದ ಸಾಲುಗಳಿಗೆ ಕೊನೆಯೇ ಇಲ್ಲ. ಕೆಲವಕ್ಕೆ ಬರೀ ಶೇಕಡಾ ಲೆಕ್ಕ, ಕೆಲವಕ್ಕೆ ಚದರ ಮೀಟರಿಗೆ ಅಥವಾ ಕಿಲೋಗೆ ಇಷ್ಟು ರೂಪಾಯಿ ಎಂಬ ಲೆಕ್ಕ. ಪಾಲಿಯೆಸ್ಟರ್ ಬಟ್ಟೆಯ ಮೇಲಿನ ಪ್ಲಾಸ್ಟಿಕ್ ಲೇಪನ ಬರಿಗಣ್ಣಿಗೆ ಕಂಡರೆ ಸಾಮಾನ್ಯವಾಗಿ 5903, ಕಾಣದಿದ್ದರೆ 5407. ಯಾರ ಕಣ್ಣಿಗೆ, ಎಂತಹ ಬೆಳಕಿನಲ್ಲಿ?

ನಮ್ಮ ದೇಶ ತಾನಾಗಿ ಸೇರಿಸಿಕೊಂಡ ಎರಡಂಕಿಯ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. 5407ರ ಪಾಲಿಯೆಸ್ಟರ್ ಸಾಲುಗಳಲ್ಲಿ ಪಾಲಿಯೆಸ್ಟರ್ ಸೀರೆಗೆ ಒಂದು ಸಂಖ್ಯೆ, ಟೆರಿಲೀನ್ ಮತ್ತು ಡೇಕ್ರಾನ್ ಸೀರೆಗೆ ಬೇರೆಯೇ ಸಂಖ್ಯೆ ಇದೆ. ಟೆರಿಲೀನ್, ಡೇಕ್ರಾನ್ ಎರಡೂ ಪಾಲಿಯೆಸ್ಟರಿಗೆ ಕಂಪನಿಗಳು ಇಟ್ಟ ಹಳೆಯ ಹೆಸರುಗಳು. ಇಂದು ಚಿಕ್ಕಪೇಟೆಯಲ್ಲಿ ಆ ಹೆಸರು ಹಿಡಿದು ಸೀರೆ ಕೇಳುವವರು ಯಾರು? ಅತ್ತ, ಜಕಾರ್ಡ್‌ನಲ್ಲಿ ನೇಯ್ದು, ಮಿರುಗುವ ಜರಿ ಸೇರಿಸಿ, ರೇಷ್ಮೆಯ ಪಕ್ಕದಲ್ಲಿಟ್ಟರೆ ಗಿರಾಕಿಗೆ ಗುರುತು ಸಿಗದ ಬಟ್ಟೆ ಥಾನಿನ ರೂಪದಲ್ಲಿ ಬಂದರೆ ಅದಕ್ಕೆ ಉಳಿಯುವುದು ‘ಇತರೆ’ ಎಂಬ ಸಾಲು. ‘ಇತರೆ’ಯಲ್ಲಿ ಏನು ಬಂತು, ಎಷ್ಟು ಬಂತು ಎಂದು ಬಿಡಿಸಿ ಹೇಳಲು ಅಧಿಕಾರಿಗಳಿಗೂ ಆಗದು. ನಮ್ಮನ್ನು ಹೆಚ್ಚು ನೋಯಿಸುವ ಸರಕು ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಸೂರತ್‌ನಿಂದ ಬರುವ ಅಗ್ಗದ ಸೀರೆಗಳಿಂದಲೂ ನಮ್ಮ ಮಗ್ಗಗಳಿಗೆ ಪೆಟ್ಟು ಬಿದ್ದಿದೆ. ಅದಕ್ಕೆ ಕಸ್ಟಮ್ಸ್‌ನಲ್ಲಿ ಪರಿಹಾರವಿಲ್ಲ. ಅದು ನಮ್ಮದೇ ದೇಶದ ನೇಕಾರರೊಂದಿಗಿನ ಪೈಪೋಟಿ, ಅದರ ಚರ್ಚೆ ಬೇರೆ. ನಾನು ಕೇಳುತ್ತಿರುವುದು ಬಂದರಿನ ಬಾಗಿಲಿನ ಬಗ್ಗೆ ಮಾತ್ರ.

ಅಲ್ಲಿ ಕೋಡ್ ಬಗ್ಗೆ ತಕರಾರು ಬಂದಾಗ ಮಾತನಾಡುವವರು ಇಬ್ಬರೇ, ಆಮದುದಾರ ಮತ್ತು ಇಲಾಖೆ. ದೆಹಲಿ ಮತ್ತು ಮುಂಬೈಯಲ್ಲಿ ಮುಂಗಡ ತೀರ್ಪು ನೀಡುವ ಕಸ್ಟಮ್ಸ್ ಪ್ರಾಧಿಕಾರಗಳು 2021ರಿಂದ ಕೆಲಸ ಮಾಡುತ್ತಿವೆ. ಸರಕು ತರುವ ಮೊದಲೇ ಅದರ ಕೋಡ್ ಯಾವುದೆಂದು ಕೇಳಿ ತಿಳಿಯಬಹುದು, ಒಳ್ಳೆಯ ವ್ಯವಸ್ಥೆ. ಆದರೆ ಅದನ್ನು ರೂಪಿಸಿರುವುದು ಆಮದು, ರಫ್ತು ಮಾಡುವವರಿಗಾಗಿ. ಅದೇ ಬಟ್ಟೆಯನ್ನು ಇಲ್ಲಿ ನೇಯುವವನು ಅಲ್ಲಿ ಹೊರಗಿನವನು. ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿನ 1930ರ ಸುಂಕ ಕಾಯ್ದೆಯ 516ನೇ ಸೆಕ್ಷನ್ ಪ್ರಕಾರ ದೇಶೀಯ ಉತ್ಪಾದಕರು, ಕಾರ್ಮಿಕ ಸಂಘಗಳು ಸಹ, ಆಮದು ಸರಕಿಗೆ ಕೊಟ್ಟ ವರ್ಗೀಕರಣ ತಪ್ಪೆಂದು ಅರ್ಜಿ ಹಾಕಬಹುದು. ಅದು ತಿರಸ್ಕೃತವಾದರೆ ನ್ಯಾಯಾಲಯಕ್ಕೂ ಹೋಗಬಹುದು. ಹಿಂದಿನ ತೀರ್ಪುಗಳನ್ನು ಯಾರು ಬೇಕಾದರೂ ಪದ ಕೊಟ್ಟು ಹುಡುಕಿ ಓದಬಹುದು. ಯುರೋಪಿನಲ್ಲೂ ಅಂತಹ ಮುಕ್ತ ದತ್ತಾಂಶ ಸಂಗ್ರಹವಿದೆ.

ನಮಗೂ ಅಂತಹ ಒಂದು ಬಾಗಿಲು ತೆರೆಯಿರಿ. ನೇಕಾರರ ಸಹಕಾರ ಸಂಘವೊಂದು ಬಟ್ಟೆಯ ತುಣುಕು ಲಗತ್ತಿಸಿ, ಇಂತಹ ಬಟ್ಟೆಗೆ ಯಾವ ಕೋಡ್ ಕೊಡುತ್ತಿದ್ದೀರಿ, ಏಕೆ ಎಂದು ಕೇಳಿದರೆ ನಿಗದಿತ ಅವಧಿಯಲ್ಲಿ ಲಿಖಿತ ಉತ್ತರ ಸಿಗಬೇಕು. ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶವಿರಬೇಕು. ತೀರ್ಪಿನ ಸಾರಾಂಶ ಕನ್ನಡದಲ್ಲಿ, ಗುಜರಾತಿಯಲ್ಲಿ, ತಮಿಳಿನಲ್ಲಿ, ನೇಯುವವರು ಓದುವ ಭಾಷೆಯಲ್ಲಿ ಬರಬೇಕು. ಆಮದುದಾರರ ಹೆಸರು, ಗುಟ್ಟು ನಮಗೆ ಬೇಡ. ಬಟ್ಟೆ ಯಾವುದು, ಕೋಡ್ ಯಾವುದು, ಕಾರಣವೇನು ಎಂಬಷ್ಟು ತಿಳಿದರೆ ಸಾಕು.

ಇದಕ್ಕೆ ಕಾಲವೂ ಕೂಡಿಬಂದಿದೆ. ಜಾಗತಿಕ ಪಟ್ಟಿಯ ಹೊಸ ಆವೃತ್ತಿ 2028ರ ಜನವರಿ 1ರಂದು ಜಾರಿಗೆ ಬರಲಿದೆ. ಕಳೆದ ಬಾರಿ, 2022ರ ಆವೃತ್ತಿಗೆ ಬೇಕಾದ ತಿದ್ದುಪಡಿಗಳನ್ನು ತಾವು 2021ರ ಹಣಕಾಸು ಮಸೂದೆಯಲ್ಲೇ ತಂದಿದ್ದಿರಿ. ಈ ಬಾರಿಯೂ ನಮ್ಮ ಸುಂಕಪಟ್ಟಿಯನ್ನು ಮುಂಚೆಯೇ ತಿದ್ದಬೇಕಾಗುತ್ತದೆ. ಟೆರಿಲೀನ್ ಸೀರೆಯ ಸಾಲು ತೆಗೆದು, ಜಕಾರ್ಡ್ ಮತ್ತು ಜರಿ ಬೆರೆತ ಪಾಲಿಯೆಸ್ಟರ್ ಬಟ್ಟೆಗೆ ಪ್ರತ್ಯೇಕ ಸಾಲು ಕೊಡಲು ಬ್ರಸೆಲ್ಸ್‌ನ ಅಪ್ಪಣೆ ಬೇಕಿಲ್ಲ, ಕೊನೆಯ ಎರಡಂಕಿ ನಮ್ಮ ಕೈಯಲ್ಲೇ ಇದೆ.

ಆ ತಿದ್ದುಪಡಿಯ ಕರಡು ಸಿದ್ಧವಾಗುವ ಮೊದಲು ದೊಡ್ಡಬಳ್ಳಾಪುರದಲ್ಲಿ ಒಂದು ಸಭೆ ಕರೆಯಬೇಕೆಂದು ಕೋರುತ್ತೇನೆ. ಬೆಳಗಾವಿ, ರಬಕವಿ-ಬನಹಟ್ಟಿ, ಆನೇಕಲ್ ಕಡೆಯ ನೇಕಾರರನ್ನೂ ಕರೆಯಿರಿ. ಕೋಡ್ ಹಚ್ಚುವ ಅಧಿಕಾರಿಗಳನ್ನು ಕಳುಹಿಸಿಕೊಡಿ. ಅಂಗಡಿಗಳಲ್ಲಿ ಸಿಗುವ ಹೊರದೇಶದ ಬಟ್ಟೆಯ ತುಣುಕುಗಳನ್ನು ನಾವೇ ತರುತ್ತೇವೆ.

ಇಂತಿ,
ದೊಡ್ಡಬಳ್ಳಾಪುರದ ಒಬ್ಬ ನೇಕಾರ