ಮಕ್ಕಳ ನಾಟಕ ರದ್ದು ಮಾಡಿದವರು ಉತ್ತರ ಕೊಡಲಿ

ಮಾನ್ಯ ಸಂಪಾದಕರೇ,

ನಮ್ಮ ಶಾಲೆಯ ವಾರ್ಷಿಕೋತ್ಸವದ ಮಕ್ಕಳ ನಾಟಕ ಕೊನೆಯ ಗಳಿಗೆಯಲ್ಲಿ ರದ್ದಾದುದನ್ನು ನಿಮ್ಮ ಪತ್ರಿಕೆ ನಿನ್ನೆ ವರದಿ ಮಾಡಿದೆ. ವರದಿಯಲ್ಲಿ ಇರುವುದೆಲ್ಲ ನಿಜ. ಆದರೆ ಪರೀಕ್ಷೆ ಹತ್ತಿರವಿರುವುದರಿಂದ ಮಕ್ಕಳ ಹಿತದೃಷ್ಟಿಯಿಂದ ಈ ನಿರ್ಧಾರ ಕೈಗೊಳ್ಳಲಾಯಿತು ಎಂದು ಅಧಿಕಾರಿಗಳು ಕೊಟ್ಟಿರುವ ಹೇಳಿಕೆಯನ್ನು ಓದಿದ ಮೇಲೆ ಸುಮ್ಮನಿರಲು ಸಾಧ್ಯವಾಗದೆ, ಅದೇ ನಾಟಕದಲ್ಲಿ ಮಂತ್ರಿಯ ಪಾತ್ರ ವಹಿಸಬೇಕಿದ್ದ ಹುಡುಗನ ತಾಯಿಯಾಗಿ ಈ ಪತ್ರ ಬರೆಯುತ್ತಿದ್ದೇನೆ. ಪರೀಕ್ಷೆಯ ದಿನಾಂಕ ವರ್ಷದ ಆರಂಭದಲ್ಲೇ ಎಲ್ಲರಿಗೂ ಗೊತ್ತಿತ್ತು. ಆರು ವಾರ ತಾಲೀಮು ನಡೆಯಲು ಬಿಟ್ಟು, ತೆರೆ ಏಳಲು ಎರಡು ಗಂಟೆ ಇರುವಾಗ ನೆನಪಾಗುವ ಹಿತ ಎಂಥದ್ದು?

ಅಂದು ಕಚೇರಿಗೆ ಅರ್ಧ ದಿನ ರಜೆ ಹಾಕಿದ್ದೆ. ಮೂರು ರಾತ್ರಿ ಕುಳಿತು ಹೊಲಿದ ಮಂತ್ರಿಯ ನಿಲುವಂಗಿಗೆ ಇಸ್ತ್ರಿ ಹಾಕಿ, ಮೊಮ್ಮಗನ ಮಾತನ್ನು ಕೇಳಲೇಬೇಕೆಂದು ಹಟ ಹಿಡಿದ ಅತ್ತೆಯವರನ್ನು ಅವರ ಮಂಡಿನೋವಿನ ನಡುವೆಯೂ ಕೈಹಿಡಿದು ಕರೆದುಕೊಂಡು ಶಾಲೆಯ ಬಳಿ ಬಂದರೆ, ಗೇಟಿಗೆ ಬೀಗ ಹಾಕಿತ್ತು. ಮುಕ್ಕಾಲು ಗಂಟೆ ಬಿಸಿಲಿನಲ್ಲಿ ನಿಂತೆವು. ಒಳಗಿನಿಂದ ಯಾರೂ ಬಂದು ಒಂದು ಮಾತು ಹೇಳಲಿಲ್ಲ. ಕೊನೆಗೆ ಸಹಿಯೂ ಮೊಹರೂ ಇಲ್ಲದ ಒಂದು ಹಾಳೆಯನ್ನು ತಂದು ಗೇಟಿಗೆ ಅಂಟಿಸಿದರು. ಅತ್ತೆಯವರಿಗೆ ಕೂರಲು ಒಂದು ಕುರ್ಚಿ ಕೇಳಿದ್ದಕ್ಕೆ ಕುರ್ಚಿಗಳನ್ನು ವಾಪಸು ಕಳಿಸಿಯಾಗಿದೆ ಎಂಬ ಉತ್ತರ ಸಿಕ್ಕಿತು. ನಮ್ಮ ಕಷ್ಟ ಹೋಗಲಿ. ಒಳಗೆ ಹೋದಾಗ ಮಕ್ಕಳು ವೇಷ ಹಾಕಿಕೊಂಡೇ ಜಗಲಿಯ ಮೇಲೆ ಸಾಲಾಗಿ ಕುಳಿತಿದ್ದರು. ರಾಜನ ಪಾತ್ರದ ಹುಡುಗಿ ರಟ್ಟಿನ ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು, ಅಂಚಿನಲ್ಲಿ ಎದ್ದು ಬಂದಿದ್ದ ಬೆಳ್ಳಿ ಕಾಗದವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸುತ್ತಿದ್ದಳು. ಒತ್ತಿದಷ್ಟು ಸಲವೂ ಅದು ಮತ್ತೆ ಏಳುತ್ತಿತ್ತು.

ನನ್ನ ಮಗನಿಗೆ ಮಾತಿನಲ್ಲಿ ಉಗ್ಗು ಇದೆ. ತರಗತಿಯಲ್ಲಿ ಗಟ್ಟಿಯಾಗಿ ಓದುವ ಸರದಿ ಬಂದರೆ ಹೊಟ್ಟೆನೋವೆಂದು ಹೊರಗೆ ಹೋಗುತ್ತಿದ್ದವನು ಅವನು. ಈ ನಾಟಕದಲ್ಲಿ ಅವನಿಗೆ ಹನ್ನೊಂದು ಮಾತುಗಳಿದ್ದವು. ಮೊದಲ ವಾರ ಒಂದು ಮಾತನ್ನೂ ಪೂರ್ತಿ ಹೇಳಲಿಲ್ಲವಂತೆ. ನಾಟಕ ಕಲಿಸಿದ ಶಿಕ್ಷಕಿ ಅವನನ್ನು ಅವಸರಪಡಿಸಲಿಲ್ಲ, ಅವನ ಮಾತನ್ನು ತಾವೇ ಪೂರ್ತಿ ಮಾಡಲೂ ಇಲ್ಲ. ಮಂತ್ರಿಯಾದವನು ಯೋಚಿಸಿ ಮಾತಾಡುತ್ತಾನೆ, ನೀನೂ ನಿಂತು ನಿಂತು ಹೇಳು ಎಂದು ಹೇಳಿ, ಉಳಿದ ಮಕ್ಕಳಿಗೆ ಕಾಯುವುದನ್ನು ಕಲಿಸಿದರು. ಉಗ್ಗು ಹೋಯಿತೆಂದು ನಾನು ಹೇಳುತ್ತಿಲ್ಲ. ಉಗ್ಗುತ್ತಲೇ ನಾಲ್ಕು ಜನರ ಮುಂದೆ ಮಾತಾಡಬಹುದು ಎಂಬ ಧೈರ್ಯ ಬಂತು, ಅಷ್ಟು ಹೇಳುತ್ತಿದ್ದೇನೆ. ಐದನೆಯ ವಾರದ ಹೊತ್ತಿಗೆ ಅವನು ತರಗತಿಯಲ್ಲಿ ಪಾಠ ಓದಲು ತಾನಾಗಿ ಎದ್ದು ನಿಂತ ಸಂಗತಿಯನ್ನು ಅವನ ಭಾಷಾ ಶಿಕ್ಷಕರೇ ನನ್ನ ಬಳಿ ಹೇಳಿದರು. ನಾಟಕ ಓದಿಗೆ ಅಡ್ಡಿ ಎನ್ನುವವರು ಆ ಶಿಕ್ಷಕರನ್ನು ಒಮ್ಮೆ ಕೇಳಿ ನೋಡಲಿ.

ಅವನೊಬ್ಬನ ಕತೆಯೂ ಅಲ್ಲ. ಲೆಕ್ಕದಲ್ಲಿ ಸದಾ ಹಿಂದೆ ಬೀಳುವ ಹುಡುಗನೊಬ್ಬ ಹಿಂದಿನ ಪರದೆಗೆ ಎಷ್ಟು ಬಟ್ಟೆ ಬೇಕು, ಎಷ್ಟು ಪಟ್ಟಿಗಳನ್ನು ಕೂಡಿಸಿ ಹೊಲಿಯಬೇಕು, ಹೊಲಿಗೆಗೆ ಒಳಗೆ ಹೋಗುವ ಅಂಚನ್ನು ಎಷ್ಟು ಬಿಡಬೇಕು ಎಂಬುದನ್ನೆಲ್ಲ ತಾನೇ ಅಳೆದು ಲೆಕ್ಕ ಹಾಕಿದ್ದ. ಪುಸ್ತಕದ ಭಾಗಾಕಾರಕ್ಕೆ ಹೆದರುವವನು ಬಟ್ಟೆಯ ಭಾಗಾಕಾರಕ್ಕೆ ಹೆದರಲಿಲ್ಲ. ತನ್ನ ಸರದಿ ಬರುವವರೆಗೆ ತಡೆದುಕೊಂಡು ನಿಲ್ಲುವುದು, ಮುಂದಿನ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ಎದುರಿನವರ ಮಾತನ್ನು ಕೇಳುವುದು, ಒಬ್ಬ ತಪ್ಪಿದರೆ ಇನ್ನೊಬ್ಬ ಸರಿದೂಗಿಸುವುದು, ಇವೆಲ್ಲ ತಾಲೀಮಿನಲ್ಲಿ ದಿನವೂ ನಡೆಯುತ್ತಿತ್ತು. ಗಮನ, ಸ್ಮರಣೆ, ತಡೆದುಕೊಳ್ಳುವ ಶಕ್ತಿ ಎಂಬ ಈ ಮೂರೇ ಓದಿನ ಬುನಾದಿಯೂ ಹೌದೆಂದು ಮಕ್ಕಳ ಮನಸ್ಸನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ, ಮಕ್ಕಳು ನ್ಯಾಯ ಅನ್ಯಾಯವನ್ನು ಹೇಗೆ ಅರಿಯುತ್ತಾರೆ ಎಂಬುದನ್ನು ತಿಳಿಯಲು ಹುಡುಗರ ಗೋಲಿಯಾಟವನ್ನೇ ನೋಡುತ್ತಾ ಕುಳಿತಿದ್ದರು. 1932ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಶುರುವಾಗುವುದೇ ಆ ಆಟದ ನಿಯಮಗಳಿಂದ. ನಿಯಮವೆಂದರೆ ದೊಡ್ಡವರ ಅಪ್ಪಣೆ ಎಂದುಕೊಂಡಿದ್ದ ಚಿಕ್ಕ ಮಕ್ಕಳು, ಬೆಳೆಯುತ್ತಾ ಬಂದಂತೆ ಅದು ತಾವೆಲ್ಲ ಸೇರಿ ಒಪ್ಪಿಕೊಂಡದ್ದು ಎಂಬುದನ್ನು ಒಟ್ಟಿಗೆ ಆಡುತ್ತಾ ಆಡುತ್ತಾ ಅರಿಯುತ್ತಾರೆ ಎಂದು ಅವರು ಕಂಡುಕೊಂಡರು. ಇದನ್ನು ಪಾಠ ಮಾಡಿ, ಪ್ರಶ್ನೋತ್ತರ ಬರೆಸಿ ಕಲಿಸಲು ಬರುವುದಿಲ್ಲ.

ಹೋದ ಪಾಲಕರ ಸಭೆಯಲ್ಲಿ ಒಬ್ಬ ಅಧಿಕಾರಿಗಳು ಪಠ್ಯೇತರ ಚಟುವಟಿಕೆಯೆಂದರೆ ಸಮಯ ಉಳಿದರೆ ಮಾಡಿಸುವುದು ಎಂದು ಹೇಳಿದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆ ತೆರೆದಾಗ ಆಟ, ಹಾಡು, ಮರದ ತುಂಡುಗಳನ್ನು ಜೋಡಿಸುವುದು, ಗಿಡ ನೆಡುವುದು, ಇವೇ ಅಲ್ಲಿನ ಪಾಠಗಳಾಗಿದ್ದವು. ಇಂದು ಎಲ್ಲರೂ ನಾಲಿಗೆಯ ಮೇಲೆ ಆಡಿಸುವ ಕಿಂಡರ್‌ಗಾರ್ಟನ್ ಎಂಬ ಹೆಸರಿನ ಅರ್ಥ ಮಕ್ಕಳ ತೋಟ ಎಂದು. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯಲ್ಲಿ ವಿಶ್ರಾಂತಿ, ಬಿಡುವು, ಆಟ, ಸಾಂಸ್ಕೃತಿಕ ಬದುಕು ಮತ್ತು ಕಲೆಗಳಲ್ಲಿ ಪಾಲ್ಗೊಳ್ಳುವುದನ್ನು ಮಗುವಿನ ಹಕ್ಕು ಎಂದೇ ಬರೆಯಲಾಗಿದೆ. ಸಮಯ ಉಳಿದರೆ ಎಂಬ ಷರತ್ತು ಅಲ್ಲಿ ಇಲ್ಲ.

ಇದೇ ಅಧಿಕಾರಿಗಳ ಕೈಯಲ್ಲಿ ನಮ್ಮ ಮಕ್ಕಳ ಆಟ ಪಾಠ ಎಷ್ಟು ನಲುಗಿದೆ ಎಂಬುದನ್ನು ಹೇಳದೆ ಇರಲಾರೆ. ಎರಡು ವರ್ಷಗಳ ಹಿಂದೆ ಶಾಲೆಯ ಮೈದಾನದಲ್ಲಿ ಸುರಿದ ಜಲ್ಲಿ ಇವತ್ತಿಗೂ ಅಲ್ಲೇ ಇದೆ. ಅದರ ಮೇಲೆ ಬಿದ್ದು ಮಂಡಿ ತರಚಿಕೊಂಡ ಮಕ್ಕಳನ್ನು ನಾನೇ ಎರಡು ಸಲ ಆಸ್ಪತ್ರೆಗೆ ಕರೆದೊಯ್ದಿದ್ದೇನೆ. ಮೂರು ಬಾರಿ ಅರ್ಜಿ ಕೊಟ್ಟೆವು. ಮೊದಲ ಬಾರಿ ಇದು ನಮ್ಮ ವಿಭಾಗಕ್ಕೆ ಬರುವುದಿಲ್ಲ ಎಂದರು, ಎರಡನೆಯ ಬಾರಿ ಕಡತ ಮೇಲಿನವರ ಬಳಿ ಇದೆ ಎಂದರು, ಮೂರನೆಯ ಬಾರಿ ಹೊಸ ಅರ್ಜಿ ಬರೆದುಕೊಡಿ ಎಂದರು. ದೈಹಿಕ ಶಿಕ್ಷಕರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ವೇಳಾಪಟ್ಟಿಯಲ್ಲಿ ಆಟದ ಪೀರಿಯಡ್ ಎಂದು ಬರೆದಿರುವ ಕಡೆ ಗಣಿತದ ಮರುಪಾಠ ನಡೆಯುತ್ತದೆ. ಸಂಗೀತದ ಕೋಣೆಯನ್ನು ವಿಶೇಷ ತರಬೇತಿಗೆಂದು ತೆಗೆದುಕೊಂಡ ದಿನದಿಂದ ಡೋಲು, ತಾಳಗಳೆಲ್ಲ ಮೆಟ್ಟಿಲ ಕೆಳಗೆ ಮುರಿದ ಬೆಂಚುಗಳ ನಡುವೆ ಬಿದ್ದಿವೆ, ಡೋಲಿನ ಒಂದು ಬದಿಯ ಚರ್ಮ ಇಲಿ ಕಡಿದು ಹರಿದಿದೆ.

ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. 11ರಿಂದ 17 ವರ್ಷದೊಳಗಿನ ಶಾಲಾ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿಗೆ ಅಷ್ಟು ಚಟುವಟಿಕೆ ಸಿಗುತ್ತಿಲ್ಲವೆಂದು 2019ರಲ್ಲಿ ಬಂದ ಅದೇ ಸಂಸ್ಥೆಯ ಜಾಗತಿಕ ಅಧ್ಯಯನ ತಿಳಿಸಿತ್ತು. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಶುರುವಾಗುವುದು ಕಡಿಮೆ ಎಂದು ಕಣ್ಣಿನ ವೈದ್ಯರೂ ಹೇಳುತ್ತಾರೆ. ಇಷ್ಟಿದ್ದರೂ ವಾರಕ್ಕೆ ಎರಡೇ ಇರುವ ಆಟದ ಪೀರಿಯಡ್‌ಗಳನ್ನೂ ಕಿತ್ತುಕೊಳ್ಳುವವರಿಗೆ ಏನು ಹೇಳಬೇಕೋ ನನಗೆ ತಿಳಿಯದು.

ತಪ್ಪು ಅಧಿಕಾರಿಗಳದ್ದಷ್ಟೇ ಅಲ್ಲ ಎಂಬುದನ್ನೂ ಒಪ್ಪುತ್ತೇನೆ. ನಾಟಕ ನಿಂತಿದ್ದು ಒಳ್ಳೆಯದಾಯಿತು, ಅಂಕಗಳು ಮುಖ್ಯ ಎಂದ ಪಾಲಕರು ನಮ್ಮಲ್ಲೂ ಇದ್ದರು. ಇನ್ನು ಕೆಲವರು ನೃತ್ಯ, ಈಜು, ಚಿತ್ರಕಲೆ ಎಂದು ಮಗುವನ್ನು ಒಂದು ತರಗತಿಯಿಂದ ಇನ್ನೊಂದಕ್ಕೆ ಓಡಿಸಿ, ಬಹುಮಾನ ಬಾರದಿದ್ದರೆ ಗದರುತ್ತಾರೆ. ಅದರಿಂದ ಬೆಳವಣಿಗೆ ಆಗುವುದಿಲ್ಲ, ಮಗುವಿಗೆ ದಣಿವಾಗುತ್ತದೆ ಅಷ್ಟೆ. ಮಗು ತಾನಾಗಿ ಬಯಸಿ, ತಪ್ಪು ಮಾಡಲು ಹೆದರದೆ ತೊಡಗಿಕೊಂಡರೆ ಮಾತ್ರ ಅದರ ಮೈಯೂ ಮನಸ್ಸೂ ಅರಳುತ್ತವೆ. ನಮ್ಮ ಮಕ್ಕಳು ಈ ನಾಟಕವನ್ನು ಬಯಸಿದ್ದರು. ಅಂಕವಿಲ್ಲ, ಬಹುಮಾನವಿಲ್ಲ ಎಂದು ಗೊತ್ತಿದ್ದೂ ದಿನವೂ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಉಳಿಯುತ್ತಿದ್ದರು.

ಆದ್ದರಿಂದ ಆ ನಾಟಕವನ್ನು ಇದೇ ತಿಂಗಳು ಆಡಿಸಬೇಕು. ಆಗದಿದ್ದರೆ ಪರೀಕ್ಷೆ ಮುಗಿದ ಮರುವಾರವಾದರೂ ಆಡಿಸಬೇಕು, ಅದಕ್ಕೂ ಮೊದಲು ರದ್ದು ಮಾಡಿದ್ದೇಕೆ ಎಂಬುದನ್ನು ಸಹಿ ಹಾಕಿ ಬರೆದುಕೊಡಬೇಕು. ಮೈದಾನದ ಜಲ್ಲಿ ತೆಗೆಸಬೇಕು, ಸಂಗೀತದ ಕೋಣೆಯನ್ನು ಮಕ್ಕಳಿಗೆ ಬಿಟ್ಟುಕೊಡಬೇಕು, ದೈಹಿಕ ಶಿಕ್ಷಕರನ್ನು ಕೊಡಬೇಕು, ಇನ್ನು ಮುಂದಾದರೂ ಇಂಥದ್ದು ಆಗದಂತೆ ಸಂಬಂಧಪಟ್ಟವರು ಏನಾದರೂ ಮಾಡಬೇಕು. ಸಂಬಂಧಪಟ್ಟವರು ಯಾರು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಯಾರೇ ಆಗಲಿ, ಆ ದಿನ ಜಗಲಿಯ ಮೇಲೆ ವೇಷ ಹಾಕಿಕೊಂಡು ಕುಳಿತಿದ್ದ ಮಕ್ಕಳ ಎದುರಿಗೆ ಬಂದು ನಿಂತು ಕಾರಣ ಹೇಳಲಿ. ಅಷ್ಟು ಧೈರ್ಯವಿಲ್ಲದವರು ಮಕ್ಕಳ ಹಿತ ಎಂಬ ಮಾತನ್ನು ಪತ್ರಿಕೆಗೆ ಹೇಳಿಕೆ ಕೊಡುವಾಗ ಬಳಸುವುದನ್ನಾದರೂ ನಿಲ್ಲಿಸಲಿ.

ಇಂತಿ,
ನೊಂದ ಪಾಲಕಿ